ಟೈಮಪ್ಪನ ಬಾಣಂತನ

ಮೂವತ್ತು ವರ್ಷ ಬಸ್ಸು ಓಡಿಸಿದ ಮನುಷ್ಯ ಅವನು, ಅಷ್ಟು ವರ್ಷದಲ್ಲಿ ಒಂದು ದಿನವೂ ಹೊತ್ತಿಗೆ ಮುಂಚೆ ನಿಲ್ದಾಣ ಬಿಟ್ಟವನಲ್ಲ. ತಡವಾಗಿ ಬಿಟ್ಟದ್ದುಂಟು. ಟಯರು ಪಂಕ್ಚರಾಗುತ್ತದೆ, ರಸ್ತೆ ಅಗೆದಿರುತ್ತಾರೆ, ಯಾವುದೋ ಅಜ್ಜಿ ಮೆಟ್ಟಿಲು ಹತ್ತುವಾಗ ಚೀಲ ಹರಿದು ಈರುಳ್ಳಿಯೆಲ್ಲ ಉರುಳಿ ಹೋಗುತ್ತದೆ. ಅದಕ್ಕೆ ಯಾರು ಏನು ಮಾಡಲಾದೀತು? ಆದರೆ ಮುಂಚೆ ಬಿಡುವುದು ಬೇರೆಯೇ ಮಾತು. ಹೇಳಿದ ಹೊತ್ತಿಗೆ ಸರಿಯಾಗಿ ಓಡೋಡಿ ಬಂದವನು ಖಾಲಿ ನಿಲ್ದಾಣ ನೋಡಿಕೊಂಡು ನಿಲ್ಲಬೇಕಾದರೆ ಅದು ಶುದ್ಧ ಮೋಸ ಎಂದು ಅವನು ಡಿಪೋದ ಹೊಸಬರಿಗೆಲ್ಲ ಬೋಧನೆ ಮಾಡುತ್ತಿದ್ದ. ಇಂಜಿನ್ನು ಚಾಲೂ ಮಾಡಿ, ಎರಡೂ ಕೈ ಸ್ಟೀರಿಂಗಿನ ಮೇಲಿಟ್ಟು, ಗಡಿಯಾರದ ಮುಳ್ಳು ತನ್ನ ಜಾಗಕ್ಕೆ ಬರುವ ತನಕ ಕದಲದೆ ಕೂರುತ್ತಿದ್ದ. ಹಿಂದಿನಿಂದ "ಬಸ್ಸು ತುಂಬಿದೆ, ಹೊರಡಪ್ಪಾ" ಎಂದು ಎಷ್ಟೇ ಅರಚಿಕೊಂಡರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಅವನಿಗೆ ಟೈಮಪ್ಪ ಎಂಬ ಹೆಸರು ಬಿದ್ದದ್ದು ಹೀಗೆ. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಗೆ ಮಾತ್ರ ಉಳಿಯಿತು.

ಹೆಂಡತಿ ತೀರಿಕೊಂಡಾಗ ಮಗಳಿಗೆ ತಾನಾಗಿ ಜಡೆ ಹಾಕಿಕೊಳ್ಳಲೂ ಬರುತ್ತಿರಲಿಲ್ಲ. ಟೈಮಪ್ಪ ಜಡೆ ಹಾಕುವುದನ್ನು ಕಲಿತ, ಸ್ಕೂಲಿನ ಬಟ್ಟೆಗೆ ಇಸ್ತ್ರಿ ಮಾಡುವುದನ್ನು ಕಲಿತ, ಬೆಳಗಿನ ಪಾಳಿಗೆ ಹೋಗುವ ಮುಂಚೆ ಡಬ್ಬಿ ಕಟ್ಟುವುದನ್ನೂ ಕಲಿತ. ಗೊತ್ತಿಲ್ಲ ಎಂದು ಯಾವ ಕೆಲಸಕ್ಕೂ ಅವನು ಹಿಂಜರಿದವನಲ್ಲ. ಬಲ್ಲವರನ್ನು ಕೇಳಿ ತಿಳಿದುಕೊಳ್ಳುತ್ತಿದ್ದ, ಒಂದು ನಿಯಮ ಮಾಡಿಕೊಳ್ಳುತ್ತಿದ್ದ, ಆಮೇಲೆ ಆ ನಿಯಮಕ್ಕೆ ಜೋತು ಬೀಳುತ್ತಿದ್ದ. ಅವನ ಬಲವೂ ಅದೇ, ಅವನ ಜೊತೆ ಬಾಳುವವರ ಕಷ್ಟವೂ ಅದೇ.

ಮಗಳು ಬೆಳೆದು, ಬೇಕರಿಯಲ್ಲಿ ಕೆಲಸ ಮಾಡುವ ಹುಡುಗನನ್ನು ಮೆಚ್ಚಿ ಮದುವೆಯಾದಳು. ಸೈಕಲ್ ಅಂಗಡಿಯ ಮೇಲಿನ ಮಹಡಿಯ ಮನೆಯಲ್ಲಿ ಮೂವರೂ ಒಟ್ಟಿಗೇ ಇದ್ದರು. ಟೈಮಪ್ಪ ಅಷ್ಟರಲ್ಲಿ ನಿವೃತ್ತನಾಗಿದ್ದ. ಅಳಿಯನದು ರಾತ್ರಿ ಪಾಳಿ. ಬೆಳಿಗ್ಗೆ ಹುಬ್ಬಿಗೆಲ್ಲ ಹಿಟ್ಟು ಮೆತ್ತಿಕೊಂಡು ಬಂದು ಮಧ್ಯಾಹ್ನದವರೆಗೆ ಮಲಗುತ್ತಿದ್ದ. ಹಾಗಾಗಿ ಮಗಳು ಬಸುರಿಯಾದಾಗ ಬಾಣಂತನ ಮಾಡುವವರು ಯಾರು ಎಂಬ ಪ್ರಶ್ನೆ ಎದ್ದಿತು. ಅಳಿಯನ ತಾಯಿ, ಅಂದರೆ ಟೈಮಪ್ಪನ ಬೀಗಿತ್ತಿ, ಪೇಟೆಯ ಆ ತುದಿಯಲ್ಲಿ ಗುಂಡಿ-ದಾರದ ಅಂಗಡಿ ಇಟ್ಟುಕೊಂಡಿದ್ದವಳು. ಅಂಗಡಿಗೆ ಬೀಗ ಹಾಕಿ ಬರುತ್ತೇನೆ ಎಂದಳು. ಟೈಮಪ್ಪ ಬೇಡವೇ ಬೇಡ ಅಂದ.

"ನನ್ನ ಮಗಳ ಬಾಣಂತನ ನಾನೇ ಮಾಡ್ತೀನಿ."

"ಅಯ್ಯೋ, ಗಂಡಸರು ಮಾಡೋ ಕೆಲಸಾನಾ ಅದು?" ಬೀಗಿತ್ತಿ ಕೆನ್ನೆಗೆ ಕೈ ಇಟ್ಟುಕೊಂಡಳು.

"ಜಡೆ ಹಾಕೋದೂ ಗಂಡಸರ ಕೆಲಸ ಅಲ್ಲ ಅಂದಿದ್ರು. ಹಾಕಲಿಲ್ವಾ?"

"ಜಡೆ ಅಳಲ್ಲ ಬೀಗ್ರೇ, ಕೂಸು ಅಳುತ್ತೆ," ಎಂದು ಅವಳು ಹೊರಟು ಹೋದಳು.

ಹೆಣ್ಣು ಮಗು ಹುಟ್ಟಿತು. ಗುಂಡಗೆ, ಕೆಂಪಗೆ, ಮುಷ್ಟಿ ಬಿಗಿ ಹಿಡಿದುಕೊಂಡು. ಮನೆಗೆ ಕಳಿಸುವ ದಿನ ಆಸ್ಪತ್ರೆಯ ದಾದಿಯೊಬ್ಬಳು ಅವಸರದಲ್ಲಿ ನಾಲ್ಕು ಮಾತು ಹೇಳಿದಳು. ನೀರು ಕೊಡಬೇಡಿ, ಜೇನು ನೆಕ್ಕಿಸಬೇಡಿ, ಎದೆಹಾಲು ಒಂದೇ ಸಾಕು, ಮೂರು ಗಂಟೆ ಮೀರಿ ಹಸಿದಿರಲು ಬಿಡಬೇಡಿ. ಉಳಿದವರ ತಲೆಗೆ ಇದರಲ್ಲಿ ಎಷ್ಟು ಹೋಯಿತೋ, ಟೈಮಪ್ಪನ ತಲೆಗೆ ಮೂರು ಗಂಟೆ ಎಂಬುದು ಮೊಳೆ ಹೊಡೆದ ಹಾಗೆ ಕೂತಿತು. ಅವನಿಗೆ ತಿಳಿಯುವ ಭಾಷೆ ಅದು. ಮನೆಗೆ ಹೋಗುವ ದಾರಿಯಲ್ಲೇ ಆಟೋ ನಿಲ್ಲಿಸಿ ಒಂದು ಅಲಾರಂ ಗಡಿಯಾರ ಕೊಂಡ.

ಅವತ್ತಿನಿಂದ ಮನೆಯಲ್ಲಿ ಸರ್ವೀಸು ಶುರುವಾಯಿತು. ಗಡಿಯಾರ ಕಿರುಗುಟ್ಟಿದರೆ ಹಾಲು, ಕಿರುಗುಟ್ಟುವವರೆಗೆ ಹಾಲಿಲ್ಲ. ಉಳಿದದ್ದರಲ್ಲಿ ಟೈಮಪ್ಪನನ್ನು ಯಾರೂ ಬೆರಳು ಮಾಡಿ ತೋರಿಸುವ ಹಾಗಿರಲಿಲ್ಲ. ಮಗಳಿಗೆ ಹೊತ್ತು ಹೊತ್ತಿಗೆ ಬಿಸಿ ಊಟ, ಕೈಗೆಟಕುವ ಹಾಗೆ ನೀರಿನ ಲೋಟ, ಬೆನ್ನಿಗೆ ದಿಂಬು, ಕೂಸಿನ ಬಟ್ಟೆಗಳು ಬಿಸಿಲಿಗೆ ಒಣಗಿ ಮಡಚಿ ತಯಾರು. ಹಾಲು ಕುಡಿಸುವ ಹೊತ್ತು ಬಂದಾಗ ಮಾತ್ರ ಅವನು ಸ್ಟೂಲು ತಿರುಗಿಸಿ ಗೋಡೆಗೆ ಮುಖ ಮಾಡಿ ಕೂತುಬಿಡುತ್ತಿದ್ದ. ಅದು ಮಗಳ ಮರ್ಯಾದೆಯ ವಿಷಯ, ಅವನ ಸಂಕೋಚದ ವಿಷಯ. ಗೋಡೆಯ ಕಡೆಯಿಂದಲೇ "ಆಯ್ತಾ? ಕುಡೀತಾ?" ಎಂದು ಕೇಳುತ್ತಿದ್ದ.

ಮೊದಮೊದಲು ಗಡಿಯಾರ ಹೊಡೆಯುವ ಎಷ್ಟೋ ಮುಂಚೆ ಕೂಸು ಮಿಸುಕಾಡುತ್ತಿತ್ತು. ತುಟಿ ಆಡಿಸುತ್ತಿತ್ತು, ಕತ್ತು ಆಚೆ ಈಚೆ ಹೊರಳಿಸುತ್ತಿತ್ತು, ಮುಷ್ಟಿ ಬಾಯಿಗೆ ತುರುಕಿಕೊಳ್ಳುತ್ತಿತ್ತು. ಆಮೇಲೆ ಅಳುತ್ತಿತ್ತು. ಟೈಮಪ್ಪ ಅದನ್ನು ಹೆಗಲ ಮೇಲೆ ಹಾಕಿಕೊಂಡು ಪಡಸಾಲೆಯ ಉದ್ದಕ್ಕೂ ತಿರುಗಾಡುತ್ತಿದ್ದ. "ಬಂತು ಪ್ಯಾಸೆಂಜರಮ್ಮ, ಬಂತು, ಇನ್ನೇನು ಹೊರಟುಬಿಡ್ತೀವಿ," ಎಂದು ಬೆನ್ನು ತಟ್ಟುತ್ತಿದ್ದ.

"ಅಪ್ಪಾ, ಕೊಟ್ಟುಬಿಡ್ಲಾ? ಎದೆ ಎಲ್ಲ ಬಿಗಿದು ಸಿಡಿಯೋ ಹಾಗಾಗಿದೆ."

"ಇನ್ನೂ ಹೊತ್ತಾಗಿಲ್ಲ ಪುಟ್ಟೀ. ಮುಂಚೆ ಕೊಟ್ಟರೆ ಲೆಕ್ಕ ತಪ್ಪುತ್ತೆ."

ಹೀಗೆ ಅತ್ತು ಅತ್ತು ಕೂಸು ಸುಸ್ತಾಗಿ ನಿದ್ದೆ ಹೋಗುವುದು, ಅಷ್ಟರಲ್ಲಿ ಗಡಿಯಾರ ಹೊಡೆಯುವುದು. ನಿದ್ದೆಗಣ್ಣಿನ ಕೂಸು ಕಲ್ಲಾಗಿದ್ದ ಎದೆಯನ್ನು ಸರಿಯಾಗಿ ಹಿಡಿಯಲಾರದೆ, ತುದಿಯನ್ನಷ್ಟೇ ಚೀಪಿ, ಮಗಳ ಕಣ್ಣಲ್ಲಿ ನೀರು ಬರಿಸಿ, ಮತ್ತೆ ನಿದ್ದೆಗೆ ಜಾರುತ್ತಿತ್ತು. ಕೆಲವು ದಿನ ಕಳೆಯುವಷ್ಟರಲ್ಲಿ ಅದು ಅಳುವುದನ್ನೂ ಕಡಿಮೆ ಮಾಡಿತು. ಟೈಮಪ್ಪನಿಗೆ ಹಿಗ್ಗೋ ಹಿಗ್ಗು. ನೋಡಿದ್ರಾ, ಕೂಸಿಗೂ ಟೈಮು ಅಭ್ಯಾಸ ಆಯಿತು ಎಂದು ಮೆಟ್ಟಿಲಲ್ಲಿ ಸಿಕ್ಕ ನೆರೆಯವರಿಗೆಲ್ಲ ಹೇಳಿದ. ಪುಣ್ಯಾತ್ಮನಿಗೆ, ಹಸಿದ ಕೂಸು ಸೋತು ಸುಮ್ಮನಾಗುವುದೂ ಉಂಟು ಎಂಬುದು ಗೊತ್ತಿರಲಿಲ್ಲ.

ಬೀಗಿತ್ತಿಯ ಕಣ್ಣಿಗೆ ಅದು ತಪ್ಪಲಿಲ್ಲ. ಮಗುವನ್ನು ನೋಡಲು ಬಂದವಳು ಎತ್ತಿಕೊಂಡ ಕೂಡಲೇ ಮುಖ ಸಣ್ಣ ಮಾಡಿದಳು. "ಹಗುರ ಆಗಿದೆಯಲ್ಲೇ," ಅಂದಳು ಸೊಸೆಗೆ. ಮರುದಿನ ಬರುವಾಗ ಹಾಲಿನ ಪುಡಿಯ ಡಬ್ಬಿಯೊಂದನ್ನು ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟಳು. "ನಿನ್ನ ಹಾಲು ಸಾಲ್ತಾ ಇಲ್ಲ ಕಣಮ್ಮ. ಅದರಲ್ಲಿ ನಾಚಿಕೆ ಏನಿದೆ? ನನ್ನ ಮೂರೂ ಮಕ್ಕಳು ಇದರಲ್ಲೇ ಬೆಳೆದದ್ದು. ಒಬ್ಬನನ್ನ ನೀನೇ ಕಟ್ಟಿಕೊಂಡಿದ್ದೀಯಲ್ಲ." ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ ಅದು. ಆದರೆ ಸಾಲುತ್ತಿಲ್ಲ ಎಂಬ ಆ ಒಂದು ಮಾತು ಮಗಳ ಎದೆಗೆ ನಾಟಿತು. ಅವಳು ಗೋಡೆಯ ಕಡೆ ಹೊರಳಿ ಮಲಗಿಕೊಂಡಳು.

ಹೆರಿಗೆಯಾದವರ ಮನೆಮನೆಗೆ ಹೋಗಿ ನೋಡಿ ಬರುವ ನರ್ಸಮ್ಮ ಬಂದದ್ದು ಆ ವಾರವೇ. ಎತ್ತರದ ಹೆಂಗಸು, ಮಹಡಿ ಹತ್ತಿ ಏದುಸಿರು ಬಿಡುತ್ತಾ ಬಂದು, ಚೀಲದಿಂದ ತೂಕದ ತಕ್ಕಡಿ ತೆಗೆದು, ಬಟ್ಟೆ ಬಿಚ್ಚಿದ ಕೂಸನ್ನು ಅದರಲ್ಲಿ ಮಲಗಿಸಿದಳು. ಮುಳ್ಳು ನಿಂತ ಮೇಲೆ ಅವಳು ಆಸ್ಪತ್ರೆಯ ಚೀಟಿಯಲ್ಲಿದ್ದ ಹುಟ್ಟಿದಾಗಿನ ತೂಕಕ್ಕೆ ತಾಳೆ ಹಾಕಿ ನೋಡಿದಳು.

"ಹುಟ್ಟಿದ ಮೇಲೆ ಎಲ್ಲಾ ಮಕ್ಕಳೂ ಚೂರು ಇಳೀತವೆ," ಅಂದಳು ಆಮೇಲೆ. "ಆದ್ರೆ ಇಷ್ಟೊತ್ತಿಗೆ ಏರೋಕೆ ಶುರುವಾಗಬೇಕಿತ್ತು. ಇದು ಏರಿಲ್ಲ. ಇಳಿದಿದೆ, ಜಾಸ್ತೀನೇ ಇಳಿದಿದೆ."

ಮಗಳು ಮುಖ ಮುಚ್ಚಿಕೊಂಡು ಅಳತೊಡಗಿದಳು. "ನನ್ನ ಹಾಲು ಸಾಲ್ತಿಲ್ಲ. ಅತ್ತೆ ಹೇಳಿದ್ದು ನಿಜ. ನನ್ನ ಕೈಲಿ ಇದೊಂದೂ ಆಗಲಿಲ್ಲ."

"ಅದನ್ನ ಆಮೇಲೆ ನೋಡೋಣ. ಮೊದಲು ಹೇಳಿ, ಹಾಲು ಹೇಗೆ ಕೊಡ್ತಿದ್ದೀರಿ?"

ಟೈಮಪ್ಪ ಎದ್ದು ನಿಂತು ವಿವರಿಸಿದ. ಗಡಿಯಾರ ತೋರಿಸಿದ. ಒಂದು ಸಲವೂ ತಪ್ಪಿಲ್ಲ, ಒಂದು ನಿಮಿಷ ಆಚೆ ಈಚೆ ಆಗಿಲ್ಲ ಎಂದ. ನರ್ಸಮ್ಮ ನಗಲಿಲ್ಲ, ಬೈಯಲೂ ಇಲ್ಲ, ಪೂರ್ತಿ ಕೇಳಿಸಿಕೊಂಡಳು.

"ಮಧ್ಯದಲ್ಲಿ ಹಸಿದರೆ?"

"ಕಾಯಿಸ್ತೀನಿ. ಹೊತ್ತಿಗೆ ಮುಂಚೆ ಹೇಗೆ ಕೊಡೋದು?"

"ಮುಂಚೆ ಅನ್ನೋದೇ ಇಲ್ಲ ಅಜ್ಜ," ಅಂದಳು ನರ್ಸಮ್ಮ. "ಮೂರು ಗಂಟೆ ಅನ್ನೋದು ಕೊನೇ ಗಡಿ. ಅದನ್ನ ದಾಟಬಾರದು, ನಿದ್ದೆ ಮಾಡ್ತಿದ್ರೂ ಎಬ್ಬಿಸಬೇಕು ಅಂತ ಅಷ್ಟೇ. ಅದರೊಳಗೆ ಕೂಸು ಎಷ್ಟು ಸಲ ಕೇಳಿದ್ರೂ ಕೊಡಬೇಕು. ಈಗ ತಾನೇ ಕುಡಿದು ಮತ್ತೆ ಕೇಳಿದ್ರೂ ಕೊಡಬೇಕು. ದಿನಕ್ಕೆ ಹತ್ತು ಸಲ ಆಗಬಹುದು, ಹನ್ನೆರಡು ಆಗಬಹುದು. ಎದೆ ಬರಿದಾದಷ್ಟೂ ಹಾಲು ಊರೋದು. ಬರಿದಾಗೋಕೇ ಬಿಡದೆ ಹೋದ್ರೆ, ಓಹೋ ಇಲ್ಲಿ ಹಾಲು ಬೇಕಾಗಿಲ್ಲ ಅಂತ ಮೈಯೇ ಕಮ್ಮಿ ಮಾಡಿಬಿಡುತ್ತೆ."

ಮುಂಚೆ ಅನ್ನೋದೇ ಇಲ್ಲ! ಟೈಮಪ್ಪ ಸ್ಟೂಲಿನ ಮೇಲೆ ಕುಸಿದು ಕೂತ. ಅವನ ಇಡೀ ಬದುಕಿನಲ್ಲಿ ಅಂಥ ಮಾತು ಯಾರೂ ಅವನಿಗೆ ಹೇಳಿರಲಿಲ್ಲ.

ಅಷ್ಟರಲ್ಲಿ ಕೂಸು ಮಿಸುಕಾಡಿತು. ನರ್ಸಮ್ಮ ಅದನ್ನು ಅವನ ಕೈಗೆ ಕೊಟ್ಟು ನೋಡಿ ಅಂದಳು. ಅದು ತುಟಿ ಆಡಿಸಿತು, ನಾಲಿಗೆ ಹೊರಹಾಕಿತು, ಅವನ ಅಂಗಿಯ ಕಡೆಗೆ ಕತ್ತು ಹೊರಳಿಸಿ ಬಾಯಿ ತೆರೆಯಿತು, ಮುಷ್ಟಿಯನ್ನು ಬಾಯಿಗೆ ತಂದಿತು. ಇವೆಲ್ಲವನ್ನೂ ಅವನು ದಿನಾ ನೋಡಿದ್ದ. ನೋಡಿಯೂ ನೋಡಿರಲಿಲ್ಲ.

"ಇದೇ ಅದು ಕೇಳೋ ರೀತಿ. ಅಳೋವರೆಗೆ ಕಾದರೆ ತಡ ಆಯ್ತು ಅಂತ ಲೆಕ್ಕ."

"ಅಂದ್ರೆ ಇದು ರಸ್ತೆ ಬದಿ ನಿಂತು ಕೈ ಎತ್ತೋದು," ಅಂದ ಟೈಮಪ್ಪ, ತನಗೆ ತಾನೇ ಹೇಳಿಕೊಳ್ಳುವವನ ಹಾಗೆ. "ಅಳೋದು ಅಂದ್ರೆ ಹೋದ ಬಸ್ಸಿನ ಹಿಂದೆ ಕೂಗ್ತಾ ಓಡಿ ಬರೋದು."

"ಹಾಗೇ ಅಂದುಕೊಳ್ಳಿ. ಈಗ ಮಗೂನ ತಾಯಿಗೆ ಕೊಡಿ."

ಕೊಟ್ಟು, ಅಭ್ಯಾಸದಂತೆ ಸ್ಟೂಲು ತಿರುಗಿಸಿದ.

"ಅಜ್ಜ, ಗೋಡೆಗೆ ಹಾಲು ಕುಡಿಸ್ತೀರಾ? ಈ ಕಡೆ ತಿರುಗಿ. ಬಾಣಂತನ ಮಾಡೋರು ನೋಡಬೇಕಾದ್ದನ್ನ ನೋಡಬೇಕು." ಅವಳು ಮಗಳ ಹೆಗಲಿಗೆ ಒಂದು ಬಟ್ಟೆ ಹೊದಿಸಿದಳು. "ನೀವು ನೋಡಬೇಕಾದ್ದು ಕೂಸಿನ ದವಡೆ, ಕೂಸಿನ ಕಿವಿ. ಅದಕ್ಕೇನು ನಾಚಿಕೆ?"

ಮಗಳು ಅಳುವಿನ ಮಧ್ಯೆಯೇ ನಕ್ಕುಬಿಟ್ಟಳು. ಎಷ್ಟೋ ದಿನದ ಮೇಲೆ ಬಂದ ನಗು. ಟೈಮಪ್ಪ ಕಿವಿಯವರೆಗೂ ಕೆಂಪಾಗಿ ಈ ಕಡೆ ತಿರುಗಿದ.

ನರ್ಸಮ್ಮ ನಿಧಾನವಾಗಿ ತೋರಿಸಿಕೊಟ್ಟಳು. ಕಲ್ಲಾದ ಎದೆಯಿಂದ ಮೊದಲು ಕೈಯಲ್ಲಿ ಸ್ವಲ್ಪ ಹಾಲು ಹಿಂಡಿ ಮೆತ್ತಗೆ ಮಾಡಿಕೊಳ್ಳಬೇಕು, ಆಗ ಕೂಸಿಗೆ ಹಿಡಿಯಲು ಸಿಗುತ್ತದೆ. ಕೂಸಿನ ಹೊಟ್ಟೆ ತಾಯಿಯ ಹೊಟ್ಟೆಗೆ ತಾಗಿರಬೇಕು. ಕಿವಿ, ಭುಜ, ಸೊಂಟ ಒಂದೇ ಗೆರೆಯಲ್ಲಿರಬೇಕು. ಕತ್ತು ತಿರುಚಿಕೊಂಡು ಯಾರಿಗೆ ತಾನೇ ನುಂಗಲಾಗುತ್ತದೆ? ಮೂಗಿನ ಎದುರಿಗೆ ಮೊಲೆತೊಟ್ಟು ಬರುವ ಹಾಗೆ ಹಿಡಿದು, ಆಕಳಿಸುವ ಹಾಗೆ ಬಾಯಿ ಅಗಲವಾಗುವ ತನಕ ಕಾದು, ಆಗ ಕೂಸನ್ನೇ ಎದೆಗೆ ತರಬೇಕು, ಎದೆಯನ್ನು ಕೂಸಿನತ್ತ ಎಳೆಯಬಾರದು. ಮೊದಲು ಗಲ್ಲ ತಾಗಬೇಕು. ತೊಟ್ಟಷ್ಟೇ ಅಲ್ಲ, ಸುತ್ತಲಿನ ಕಪ್ಪು ಭಾಗವೂ ಬಾಯಿ ತುಂಬ ಹೋಗಬೇಕು. ನೋವು ನಿಲ್ಲದಿದ್ದರೆ ಕಿರುಬೆರಳು ತೂರಿಸಿ ಬಿಡಿಸಿ ಮತ್ತೆ ಹಿಡಿಸಬೇಕು.

ಒಂದು ಸಲ ತಪ್ಪಿತು, ಎರಡನೇ ಸಲ ತಪ್ಪಿತು. ಆಮೇಲಿನ ಸಲ ಮಗಳ ಹುಬ್ಬಿನ ಗಂಟು ಸಡಿಲವಾಯಿತು. "ನೋವಾಗ್ತಿಲ್ಲ," ಅಂದಳು ಅವಳು, ನಂಬಲಾರದವಳ ಹಾಗೆ. ಕೂಸಿನ ದವಡೆ ಕಿವಿಯ ಬುಡದವರೆಗೆ ಆಡತೊಡಗಿತು. ಕೋಣೆ ನಿಶ್ಶಬ್ದವಾಯಿತು. ಆ ನಿಶ್ಶಬ್ದದಲ್ಲಿ ಟೈಮಪ್ಪನಿಗೆ ಒಂದು ಸಣ್ಣ ಸದ್ದು ಕೇಳಿಸಿತು. ಗುಟುಕು ಇಳಿಯುವ ಸದ್ದು. ಇಷ್ಟು ದಿನ ಗೋಡೆಯ ಕಡೆ ಕೂತು ಕುಡೀತಾ ಕುಡೀತಾ ಎಂದು ಕೇಳಿದವನಿಗೆ ಕುಡಿಯುವುದು ಎಂದರೆ ಏನೆಂದು ತಿಳಿದದ್ದು ಆಗಲೇ.

ಹೊರಡುವ ಮುಂಚೆ ನರ್ಸಮ್ಮ ಕಟ್ಟೆಯ ಮೇಲಿದ್ದ ಡಬ್ಬಿಯನ್ನೂ ನೋಡಿದಳು. "ಅದು ವಿಷ ಅಲ್ಲ. ಬೇಕಾದಾಗ ನಾನೇ ಕೊಡಿ ಅಂತೀನಿ. ಈಗ ಮೊದಲು ಇದನ್ನ ಸರಿ ಮಾಡೋಣ. ಪ್ರತಿ ಸಲ ಕುಡಿಸಿದ ಮೇಲೂ ಉಳಿದ ಹಾಲು ಹಿಂಡಿ, ಅದನ್ನೇ ಚಮಚದಲ್ಲಿ ಕೊಡಿ. ಉಚ್ಚೆ ಮಾಡಿದ ಬಟ್ಟೆ ದಿನಕ್ಕೆ ಆರಾದರೂ ಚೆನ್ನಾಗಿ ಒದ್ದೆ ಆಗಬೇಕು, ಕಕ್ಕ ಹಳದಿ ಬಣ್ಣಕ್ಕೆ ತಿರುಗಬೇಕು. ಎಬ್ಬಿಸಿದರೂ ಏಳದೆ ಇದ್ದರೆ, ಮೈ ಸುಟ್ಟರೆ, ಬಟ್ಟೆ ಒಣಗಿಯೇ ಇದ್ದರೆ ಯಾರನ್ನೂ ಕಾಯಬೇಡಿ, ಆಸ್ಪತ್ರೆಗೆ ಓಡಿ. ನಾಡಿದ್ದು ಬಂದು ನೋಡ್ತೀನಿ. ವಾರದ ಕೊನೆಗೆ ಕ್ಲಿನಿಕ್ಕಿಗೆ ಬನ್ನಿ. ಅಷ್ಟರಲ್ಲಿ ತೂಕ ಏರದೇ ಹೋದರೆ ಡಾಕ್ಟರು ಮಗೂನ ಸೇರಿಸಿಕೊಳ್ಳಬೇಕಾಗುತ್ತೆ."

ಅವಳು ಮೆಟ್ಟಿಲಿಳಿದ ಮೇಲೆ ಟೈಮಪ್ಪ ಕೋಣೆಯ ಬಾಗಿಲಲ್ಲಿ ನಿಂತ.

"ಪುಟ್ಟೀ, ನಿನ್ನ ಹಾಲು ಕಮ್ಮಿ ಇರಲಿಲ್ಲ. ಕಾಯಿಸಿದ್ದು ನಾನು."

ಮಗಳು ತಲೆ ಎತ್ತಲಿಲ್ಲ. "ನಾನು ಹೇಳ್ತಾನೇ ಇದ್ದೆ ಅಪ್ಪಾ. ಎದೆ ಸಿಡೀತಿದೆ ಅಂದೆ, ಕೂಸು ಅಳ್ತಿದೆ ಅಂದೆ. ನೀನು ಗಡಿಯಾರ ನೋಡಿದೆ. ನಾನು ನನ್ನಲ್ಲೇ ಏನೋ ಕೊರತೆ ಇದೆ ಅಂದುಕೊಂಡೆ." ಅವಳ ದನಿಯಲ್ಲಿ ಸಿಟ್ಟಿತ್ತು, ಇರಬೇಕಾದ್ದೇ. "ಈಗ ಹೋಗು. ಸ್ವಲ್ಪ ಹೊತ್ತು ನನ್ನ ಹತ್ತಿರ ಮಾತಾಡಬೇಡ."

ಟೈಮಪ್ಪ ಕೆಳಗಿಳಿದ. ಗಡಿಯಾರವನ್ನು ಸೈಕಲ್ ಅಂಗಡಿಯವನಿಗೆ ಕೊಟ್ಟು ಬಂದ. ಕೈಗಡಿಯಾರವನ್ನೂ ಬಿಚ್ಚಿಟ್ಟ, ಎಷ್ಟೋ ವರ್ಷದ ಪಟ್ಟಿಯ ಬಿಳಿ ಗುರುತು ಮಣಿಕಟ್ಟಿನ ಮೇಲೆ ಎದ್ದು ಕಂಡಿತು. ಬೆಳಿಗ್ಗೆ ಬಂದ ಅಳಿಯ ಅದನ್ನು ನೋಡಿ "ಮಾವ, ಕೈ ಮುರೀತಾ?" ಎಂದು ಗಾಬರಿಯಾದ. ವಿಷಯ ತಿಳಿದ ಮೇಲೆ ಅವನೂ ಟೊಂಕ ಕಟ್ಟಿ ನಿಂತ. ಮೈ ತೊಳೆದು ಬಂದು, ಅಂಗಿ ಬಿಚ್ಚಿ, ಕೂಸನ್ನು ಬರೀ ಎದೆಯ ಮೇಲೆ ಮಲಗಿಸಿಕೊಂಡು ಮೇಲೆ ಹೊದಿಸಿಕೊಂಡು ಒರಗಿ ಕೂರುತ್ತಿದ್ದ. ತಾಯಿ ಆ ಹೊತ್ತು ಸ್ನಾನ ಮಾಡಿ, ಉಂಡು, ಒಂದು ನಿದ್ದೆ ತೆಗೆಯುತ್ತಿದ್ದಳು. ಅವನಿಗೆ ಕಣ್ಣು ಎಳೆದು ಬರುವ ಮುಂಚೆ ಟೈಮಪ್ಪ ಬಂದು ಕೂಸನ್ನು ಇಳಿಸಿಕೊಳ್ಳುತ್ತಿದ್ದ.

ಟೈಮಪ್ಪನ ಕೆಲಸ ಕಣ್ಣಲ್ಲಿ ಕಣ್ಣಿಟ್ಟು ಕಾಯುವುದು. ರಸ್ತೆಯಂಚಿನ ಎತ್ತಿದ ಕೈಯನ್ನು ಮೂವತ್ತು ವರ್ಷ ದೂರದಿಂದಲೇ ಗುರುತಿಸಿದ ಕಣ್ಣು ಅದು. ಕೂಸಿನ ತುಟಿ ಒಂದು ಸಲ ಆಡಿದರೆ ಸಾಕು, "ಕೈ ಎತ್ತಿತು!" ಎಂದು ಕೂಗುತ್ತಿದ್ದ. ಬಚ್ಚಲಲ್ಲಿದ್ದರೂ ಮಗಳು ಓಡಿ ಬರಬೇಕು. ಕುಡಿಯುತ್ತಾ ನಿದ್ದೆಗೆ ಜಾರಿದರೆ ಅಂಗಾಲು ತೀಡುವುದು, ಹೊದಿಕೆ ತೆಗೆಯುವುದು, ಇನ್ನೊಂದು ಬದಿಗೆ ಬದಲಿಸುವಾಗ ದಿಂಬು ಸರಿಸುವುದು, ಎದೆಯ ಬಿಗಿತಕ್ಕೆ ತಣ್ಣನೆಯ ಬಟ್ಟೆ ತಂದುಕೊಡುವುದು, ಲೋಟ ಚಮಚ ಕುದಿಸಿಡುವುದು ಎಲ್ಲ ಅವನದೇ. ಒದ್ದೆ ಬಟ್ಟೆಗಳನ್ನಂತೂ ಇಂಜಿನ್ನಿಗೆ ಎಣ್ಣೆ ಇದೆಯೋ ಇಲ್ಲವೋ ನೋಡುವ ಶ್ರದ್ಧೆಯಿಂದ ಕೈಯಲ್ಲಿ ತೂಗಿ ನೋಡುತ್ತಿದ್ದ. ಭಾರವಾಗಿದ್ದರೆ ಅವನ ಮುಖ ಅರಳುತ್ತಿತ್ತು. ಬೇರೆ ಯಾರಾದರೂ ಉಚ್ಚೆ ಬಟ್ಟೆ ಹಿಡಿದು ಹಾಗೆ ಹಿಗ್ಗಿದ್ದರೆ ಜನ ಡಾಕ್ಟರನ್ನು ಕರೆಸುತ್ತಿದ್ದರು.

ನಾಡಿದ್ದು ಬರುತ್ತೇನೆ ಎಂದಿದ್ದ ನರ್ಸಮ್ಮ ಹೇಳಿದಂತೆ ಬಂದಳು. ತಕ್ಕಡಿಯ ಮುಳ್ಳು ಇಳಿದಿರಲಿಲ್ಲ. ಏರಿಯೂ ಇರಲಿಲ್ಲ. ಇಳಿಯೋದು ನಿಂತಿದೆ, ಮೂತಿ ಸಪ್ಪೆ ಮಾಡಬೇಡಿ ಎಂದು ಹೇಳಿ ನರ್ಸಮ್ಮ ಹೋದಳು. ಆದರೆ ಮಗಳ ಧೈರ್ಯ ಅವಳ ಹಿಂದೆಯೇ ಮೆಟ್ಟಿಲಿಳಿದು ಹೋಯಿತು. ಮಧ್ಯಾಹ್ನ ಕೂಸು ನಾಲ್ಕು ಗುಟುಕು ಕುಡಿದು ಬಾಯಿ ಬಿಟ್ಟಾಗ ಅವಳು ದಿಂಬನ್ನು ಎತ್ತಿ ಬಿಸಾಡಿದಳು.

"ಸಾಕು! ಡಬ್ಬಿ ತೆಗೆದುಕೊಂಡು ಬಾ ಅಪ್ಪಾ. ನನ್ನ ಹಟಕ್ಕೆ ಮಗು ಯಾಕೆ ಸಾಯಬೇಕು?"

ಬೀಗಿತ್ತಿ ಅಲ್ಲೇ ಇದ್ದಳು. ಟೈಮಪ್ಪ ಅಡುಗೆಮನೆಗೆ ಹೋಗಿ ಡಬ್ಬಿ ತಂದು ಮಗಳ ಎದುರಿಗೇ ಇಟ್ಟ. ಒಂದು ಕೈ ಅದರ ಮುಚ್ಚಳದ ಮೇಲೇ ಇತ್ತು.

"ನೀನು ತೆಗೆ ಅಂದರೆ ತೆಗೀತೀನಿ. ಮಗು ನಿನ್ನದು. ಈ ಸಲ ನಾನು ನಿಯಮ ಹೇಳಲ್ಲ. ಆದ್ರೆ ಹಿಂದಿನ ಸಲ ಕುಡಿಸಿದ ಮೇಲೆ ನೀನು ಹಿಂಡಿಟ್ಟಿದ್ದು ಆ ಲೋಟದಲ್ಲಿ ಇದೆ. ಮೊದಲು ಅದು ಮುಗೀಲಿ. ಸುಸ್ತಾಗಿರೋ ಕೂಸು, ಒಂಚೂರು ಶಕ್ತಿ ಬಂದರೆ ತಾನೇ ಎದ್ದು ಕುಡಿಯುತ್ತೆ. ಕುಡೀಲಿಲ್ವಾ, ನರ್ಸಮ್ಮನಿಗೆ ಹೇಳಿ ಕಳಿಸಿ, ಅವಳನ್ನ ಕೇಳಿಯೇ ಡಬ್ಬಿ ತೆಗೀತೀನಿ. ಆಣೆ."

ಆಗ ಯಾರೂ ನೆನೆಸದ ಕೆಲಸ ಮಾಡಿದವಳು ಬೀಗಿತ್ತಿ. ಆ ಪುಟ್ಟ ಲೋಟವನ್ನು ಎತ್ತಿಕೊಂಡು, ಕೂಸನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಂಡು, ಚಮಚದ ಅಂಚನ್ನು ಅದರ ಕೆಳತುಟಿಗೆ ತಾಗಿಸಿದಳು. ಸುರಿಯಲಿಲ್ಲ, ಕಾದಳು. ಕೂಸು ನಾಲಿಗೆ ಚಾಚಿ ನೆಕ್ಕಿತು.

"ನನಗೆ ಯಾರೂ ಹೀಗೆಲ್ಲ ಹೇಳಿಕೊಡಲಿಲ್ಲ," ಅಂದಳು ಕೂಸಿನ ಮುಖವನ್ನೇ ನೋಡುತ್ತಾ. "ಎದೆ ಕಟ್ಟಿ ಜ್ವರ ಬಂದು ನರಳ್ತಾ ಮಲಗಿದ್ದೆ. ಹಾಲಿಲ್ಲ, ಹಾಲಿಲ್ಲ ಅಂತ ಮನೆಯವರೆಲ್ಲ ಅಂದರು. ನಾನೂ ಹೂಂ ಅಂದೆ. ಮೂರೂ ಸಲ. ಹಾಲಿತ್ತೋ ಏನೋ, ಈಗ ಯಾರಿಗೆ ಗೊತ್ತು?" ಅವಳ ಕಣ್ಣು ತುಂಬಿತು. ಲೋಟ ಬರಿದಾದ ಮೇಲೆ ಕೂಸು ಕಣ್ಣರಳಿಸಿ, ಬಾಯಿ ತೆರೆದು, ತಾಯಿಯ ಕಡೆಗೆ ಕತ್ತು ತಿರುಗಿಸಿತು. "ಏಳೇ, ದಿಂಬು ತಗೋ," ಎಂದು ಗದರಿದಳು ಬೀಗಿತ್ತಿ, "ಕೈ ಎತ್ತಿದೆ ನಿನ್ನ ಮಗಳು, ಕಾಣಿಸಲ್ವಾ?"

ಆ ಮಧ್ಯಾಹ್ನ ಕೂಸು ಎರಡೂ ಬದಿ ಕುಡಿಯಿತು. ಬೀಗಿತ್ತಿ ತನ್ನ ಗುಂಡಿ-ದಾರದ ಅಂಗಡಿಗೆ ತಗುಲಿಸಿ ಬಂದಿದ್ದ 'ಮುಚ್ಚಿದೆ' ಬೋರ್ಡನ್ನು ತೆಗೆಯಲೇ ಇಲ್ಲ. ವಾರವಿಡೀ ಇಲ್ಲೇ ಉಳಿದಳು. ಮಗಳು ಅಪ್ಪನ ಹತ್ತಿರ ಮತ್ತೆ ಮಾತಾಡತೊಡಗಿದಳು. ಮಾತು ಎಂದರೆ "ಅಪ್ಪಾ, ದಿಂಬು", "ಅಪ್ಪಾ, ನೀರು" ಅಷ್ಟೇ. ಟೈಮಪ್ಪನಿಗೆ ಅಷ್ಟು ಸಾಕಾಗಿತ್ತು.

ವಾರದ ಕೊನೆಗೆ ಕ್ಲಿನಿಕ್ಕಿನ ಉದ್ದನೆಯ ಹಜಾರದಲ್ಲಿ ಬೆಂಚುಗಳು ಕಿಕ್ಕಿರಿದಿದ್ದವು. ಸೋಪಿನ ವಾಸನೆ, ಅಳುವ ಕೂಸುಗಳು, ನಿದ್ದೆಗೆಟ್ಟ ಅಪ್ಪಂದಿರು. ಬೀಗಿತ್ತಿ, ಅಳಿಯ ಸೇರಿ ಮನೆಮಂದಿಯೆಲ್ಲ ಬಂದಿದ್ದರು, ಇವರ ಸರದಿ ಬರುವುದಕ್ಕೆ ಬಹಳ ಹೊತ್ತು ಹಿಡಿಯಿತು. ಕೊನೆಗೆ ತಕ್ಕಡಿಯ ಹತ್ತಿರದಿಂದ ನರ್ಸಮ್ಮ ಇವರನ್ನು ಕರೆದಳು, ಅದೇ ಹೊತ್ತಿಗೆ ಕೂಸು ಮುಷ್ಟಿಯನ್ನು ಬಾಯಿಗೆ ತಂದಿತು.

"ಸ್ವಲ್ಪ ತಡೀರಿ," ಅಂದ ಟೈಮಪ್ಪ ಎದ್ದು ನಿಂತು. "ಕೂಸು ಕೇಳ್ತಿದೆ."

"ತೂಕ ಆದ ಮೇಲೆ ಕುಡಿಸಿದ್ರೆ ಆಗಲ್ವಾ?" ಹಿಂದಿನಿಂದ ಒಬ್ಬ ರೇಗಿದ. "ಬೆಳಿಗ್ಗೆಯಿಂದ ಕೂತಿದ್ದೀವಿ. ನಿಮಗೆ ಟೈಮಿಗೆ ಬೆಲೆ ಇಲ್ವಾ ಯಜಮಾನ್ರೇ?"

"ಇಲ್ಲ," ಅಂದ ಟೈಮಪ್ಪ. "ನೀವು ಮುಂದೆ ಹೋಗಿ."

ಆ ಹೊತ್ತಿಗೆ ಮಗಳು ಬಟ್ಟೆ ಹೊದ್ದು ಕೂಸನ್ನು ಎದೆಗೆ ಹಿಡಿದಾಗಿತ್ತು. ಅಷ್ಟು ಜನರ ನಡುವೆ ಟೈಮಪ್ಪ ಅವಳ ಪಕ್ಕ ಮಂಡಿಯೂರಿ, ಚೀಲವನ್ನು ಮಡಚಿ ಅವಳ ಮೊಣಕೈಗೆ ಆಸರೆ ಕೊಟ್ಟು, ಕೂಸಿನ ದವಡೆಯನ್ನೇ ನೋಡುತ್ತಾ ಇದ್ದ. ಯಾರು ನೋಡಿದರೂ ಅವನಿಗೆ ಪರಿವೆ ಇರಲಿಲ್ಲ.

ನರ್ಸಮ್ಮ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಚೆನ್ನಾಗಿದೆ. ಹೊಟ್ಟೆ ತುಂಬಿಸಿ ತೂಗಿದ್ರೆ ಈ ಹಾಲೂ ತೂಕಕ್ಕೆ ಸೇರುತ್ತೆ, ಗೊತ್ತಾ?"

"ಸೇರಲಿ!" ಬೀಗಿತ್ತಿಯ ದನಿ ಇಡೀ ಹಜಾರಕ್ಕೆ ಕೇಳಿತು. "ಅದೇನು ಎರವಲು ತಂದಿದ್ದಾ? ನನ್ನ ಸೊಸೆದೇ ತಾನೆ!"

ಜನ ನಕ್ಕರು. ರೇಗಿದವನೂ ನಕ್ಕ. ನರ್ಸಮ್ಮ ಮಾತ್ರ, ನಾನು ಅದನ್ನ ಕಳೆದೇ ನೋಡೋದು ಎಂದು ಹೇಳಿ ವಾಪಸು ಹೋದಳು.

ಕೂಸು ತಾನಾಗಿ ಬಾಯಿ ಬಿಟ್ಟು, ಗಲ್ಲದ ಮೇಲೆ ಹಾಲು ಸುರಿಸಿಕೊಂಡು ಸಡಿಲವಾಗಿ ಒರಗಿತು. ಬಟ್ಟೆ ಬಿಚ್ಚಿ ತಕ್ಕಡಿಯಲ್ಲಿ ಮಲಗಿಸಿದರು. ಮುಳ್ಳು ಆ ಕಡೆ ಈ ಕಡೆ ಓಲಾಡಿ ನಿಂತಿತು. ಟೈಮಪ್ಪನಿಗೆ ಅದನ್ನು ನೋಡುವ ಧೈರ್ಯ ಬರಲಿಲ್ಲ. ಅವನು ನರ್ಸಮ್ಮನ ಮುಖ ನೋಡಿದ. ಅವಳು ಒಂದು ಸಲ ನೋಡಿದಳು. ಬಗ್ಗಿ ಇನ್ನೊಂದು ಸಲ ನೋಡಿದಳು.

"ಏರಿದೆ," ಅಂದಳು. "ಈಗ ಕುಡಿದದ್ದನ್ನ ಕಳೆದರೂ ಚೆನ್ನಾಗೇ ಏರಿದೆ. ಹುಟ್ಟಿದಾಗಿನ ತೂಕಕ್ಕೆ ಇನ್ನು ಸ್ವಲ್ಪವೇ ಕಮ್ಮಿ, ಅದನ್ನೂ ಬೇಗ ಮುಟ್ಟುತ್ತೆ. ಸೇರಿಸಿಕೊಳ್ಳೋ ಮಾತೇ ಇಲ್ಲ." ಬೀಗಿತ್ತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಳಿಯ ನಿಂತಲ್ಲೇ ಗೋಡೆಗೆ ಒರಗಿದ. ನರ್ಸಮ್ಮ ಪೆನ್ನು ತೆಗೆದು ಕೇಳಿದಳು, "ಬರ್ಕೊಳ್ಳೋಕೆ ಹೇಳಿ, ಡಬ್ಬಿ ಹಾಲು ಎಷ್ಟು ಕೊಟ್ಟಿರಿ?"

ಇಂಥ ಪ್ರಶ್ನೆಗಳಿಗೆ ಆ ಮನೆಯಲ್ಲಿ ಉತ್ತರ ಹೇಳುವವನು ಯಾವಾಗಲೂ ಟೈಮಪ್ಪನೇ. ಅವನು ಹೇಳಲು ಬಾಯಿ ತೆರೆದ. ಮಗಳು ಅವನ ತೋಳನ್ನು ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. ತಕ್ಕಡಿಯಿಂದ ಕೂಸನ್ನು ಎತ್ತಿ ಎದೆಗೆ ಒತ್ತಿಕೊಂಡು ತಲೆ ಎತ್ತಿದಳು.

"ಒಂದು ಚಮಚಾನೂ ಇಲ್ಲ," ಅಂದಳು, ಕೊನೆಯ ಬೆಂಚಿನವರೆಗೂ ಕೇಳುವ ಹಾಗೆ. "ಎಲ್ಲಾ ನಂದೇ."